‘ಏನೂ ಆಗಲ್ಲ’ ಅಂದವರಿಗೆ ಜೈಲೇ?

ಕಳೆದ ತಿಂಗಳು ಮಳೆ ಮುನ್ಸೂಚನೆ ಬಗ್ಗೆ ಬರೆಯುವಾಗ ಇಟಲಿಯ ಭೂಕಂಪದ ಕೇಸನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಮಳೆಯನ್ನು ಎಲ್ಲರೂ ಮರೆತರು, ಆ ಒಂದು ಸಾಲನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ನಾನು ಕಲಬುರಗಿಯ ಕಾಲೇಜಿನಲ್ಲಿ 31 ವರ್ಷ ಭೂವಿಜ್ಞಾನ ಕಲಿಸಿ ನಿವೃತ್ತಳಾದವಳು, ವಕೀಲೆ ಅಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ.

ಪ್ರಶ್ನೆ: ಭೂಕಂಪ ಆಗುತ್ತದೆ ಎಂದು ಮೊದಲೇ ಹೇಳಲಿಲ್ಲ ಅಂತ ಇಟಲಿಯಲ್ಲಿ ವಿಜ್ಞಾನಿಗಳನ್ನು ಜೈಲಿಗೆ ಹಾಕಿದರಂತೆ. ನಿಜವೇ? ನಿಜವಾದರೆ ಇಂಥ ಮೂರ್ಖತನ ಇನ್ನೊಂದಿದೆಯೇ?
– ಪ್ರೌಢಶಾಲೆಯ ಶಿಕ್ಷಕರು, ಸೇಡಂ

ಅರ್ಧ ನಿಜ ಸರ್. ಶಿಕ್ಷೆ ವಿಧಿಸಿದ್ದು ನಿಜ. ಆದರೆ ಯಾರೂ ಜೈಲಿಗೆ ಹೋಗಲಿಲ್ಲ. ‘ಮೊದಲೇ ಹೇಳಲಿಲ್ಲ’ ಅನ್ನುವುದು ಆರೋಪವೂ ಆಗಿರಲಿಲ್ಲ. ಪೇಪರಿನ ತಲೆಬರಹಗಳಲ್ಲಿ ಹಾಗೆ ಬಂತು, ನಾನೂ ಹಾಗೇ ನಂಬಿದೆ. 2012ರಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಆ ನ್ಯಾಯಾಧೀಶರನ್ನು ಬೈದವರಲ್ಲಿ ನಾನೇ ಮೊದಲಿಗಳು. ‘ಗೆಲಿಲಿಯೊ ಕಾಲ ವಾಪಸ್ ಬಂತು ನೋಡಿ’ ಅಂತ ದೊಡ್ಡ ಮಾತೂ ಆಡಿದ್ದೆ. ಕೇಸಿನ ವಿವರ ಓದಿದ ಮೇಲೆ ಆ ಮಾತು ನುಂಗಿಕೊಳ್ಳಬೇಕಾಯಿತು.

ನಡೆದದ್ದು ಇಷ್ಟು. ರೋಮಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ನಡುವೆ ಲಾಕ್ವಿಲಾ ಅಂತ ಊರು. ಹಳೆಯ ಕಲ್ಲಿನ ಊರು. 1461ರಲ್ಲಿ ಒಮ್ಮೆ, 1703ರಲ್ಲಿ ಇನ್ನೊಮ್ಮೆ ಭೂಕಂಪಕ್ಕೆ ಕುಸಿದು ಎದ್ದ ಊರು. ಹಾಗಾಗಿ ಅಲ್ಲಿ ಒಂದು ರೂಢಿ ಬೆಳೆದಿತ್ತು. ರಾತ್ರಿ ನೆಲ ಅಲುಗಿತೋ, ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರಬೇಕು. ಚೌಕದಲ್ಲೋ ಕಾರಿನಲ್ಲೋ ರಾತ್ರಿ ಕಳೆಯಬೇಕು. ಅಜ್ಜ ಅಪ್ಪನಿಗೆ, ಅಪ್ಪ ಮಗನಿಗೆ ಕಲಿಸಿಕೊಟ್ಟದ್ದು.

2009ರ ಆರಂಭದಿಂದ ಅಲ್ಲಿ ಸಣ್ಣ ಸಣ್ಣ ಕಂಪನಗಳು ಬರುತ್ತಲೇ ಇದ್ದವು. ಮಾರ್ಚ್ 30ರಂದು 4ರ ಆಸುಪಾಸಿನದ್ದೊಂದು ಬಂತು. ಜನ ಹೆದರಿದರು. ಮಾರನೇ ದಿನ ಸರ್ಕಾರದ ಮಹಾ ಅಪಾಯಗಳ ಆಯೋಗ ಲಾಕ್ವಿಲಾದಲ್ಲೇ ಸಭೆ ಸೇರಿತು. ಸಾಮಾನ್ಯವಾಗಿ ರೋಮಿನಲ್ಲಿ ಸೇರುವ ಆಯೋಗ ಅದು. ಬಂದವರು ಸಣ್ಣಪುಟ್ಟವರಲ್ಲ. ರಾಷ್ಟ್ರೀಯ ಭೂಭೌತ ಸಂಸ್ಥೆಯ ಮುಖ್ಯಸ್ಥ ಎಂಜೊ ಬೊಸ್ಕಿ, ಜ್ವಾಲಾಮುಖಿ ತಜ್ಞ ಫ್ರಾಂಕೊ ಬಾರ್ಬೆರಿ ಇಂಥವರು. ಸಭೆ ನಡೆದದ್ದು ಸುಮಾರು ಒಂದು ಗಂಟೆ. 1703ರಂಥದ್ದು ಸದ್ಯಕ್ಕೆ ಆಗುವ ಸಾಧ್ಯತೆ ಕಡಿಮೆ, ಆದರೆ ಆಗುವುದೇ ಇಲ್ಲ ಅನ್ನಲು ಬರುವುದಿಲ್ಲ ಅಂತ ಬೊಸ್ಕಿ ಹೇಳಿದರು. ಸರಿಯಾದ ಮಾತೇ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಎಡವಟ್ಟಾದದ್ದು ಸಭೆಯ ಹೊರಗೆ. ನಾಗರಿಕ ರಕ್ಷಣಾ ಇಲಾಖೆಯ ಉಪ ಮುಖ್ಯಸ್ಥ ಬರ್ನಾರ್ಡೊ ಡಿ ಬರ್ನಾರ್ಡಿನಿಸ್ ಸಭೆ ಶುರುವಾಗುವ ಮೊದಲೇ ಟಿವಿಯವರ ಮುಂದೆ ನಿಂತರು. ಅಪಾಯವೇನಿಲ್ಲ, ಭೂಮಿಯ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಹೊರಹೋಗುತ್ತಿದೆ, ವಿಜ್ಞಾನಿಗಳೇ ನನಗೆ ಹೀಗೆ ಹೇಳುತ್ತಿದ್ದಾರೆ ಅನ್ನುವ ಅರ್ಥದ ಮಾತಾಡಿದರು. ಹಾಗಾದರೆ ಆರಾಮಾಗಿ ಒಂದು ಲೋಟ ವೈನ್ ಕುಡಿಯಬಹುದಾ ಅಂತ ಪತ್ರಕರ್ತ ಕೇಳಿದ. ಖಂಡಿತ ಅಂದರು. ಅಷ್ಟೇ ಅಲ್ಲ, ಯಾವ ವೈನ್ ಅಂತಲೂ ಹೇಳಿದರು, ಮೊಂಟೆಪುಲ್ಚಾನೊ! ಒಳಗಿದ್ದ ಘಟಾನುಘಟಿಗಳಲ್ಲಿ ಒಬ್ಬರೂ ಆಮೇಲೆ ಟಿವಿ ಮುಂದೆ ಬಂದು ‘ನಾವು ಹಾಗೆ ಹೇಳಿಲ್ಲ’ ಅನ್ನಲಿಲ್ಲ. ಸಭೆಯ ನಡಾವಳಿಗೆ ಸಹಿ ಬಿದ್ದದ್ದೂ ಭೂಕಂಪ ಆದ ಮೇಲೆ.

ಏಪ್ರಿಲ್ 5ರ ರಾತ್ರಿ 11ರ ಸುಮಾರಿಗೆ ಒಂದು ಕಂಪನ, ನಡುರಾತ್ರಿ ದಾಟಿ ಇನ್ನೊಂದು. ಒಬ್ಬ ಸರ್ಜನ್ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿಕೊಂಡರು. ಹೊರಗೆ ಹೋಗೋದಾ, ಇಲ್ಲೇ ಇರೋದಾ? ಚಿಕ್ಕಂದಿನಲ್ಲಿ ಅಪ್ಪ ಹೊರಗೆ ಕರೆದುಕೊಂಡು ಹೋಗುತ್ತಿದ್ದದ್ದು ಅವರಿಗೆ ನೆನಪಿತ್ತು. ಆದರೂ ದೊಡ್ಡವರೆಲ್ಲ ಧೈರ್ಯ ಹೇಳಿದ್ದಾರಲ್ಲ ಅಂತ ಒಳಗೇ ಉಳಿದರು. ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ 6.3ರ ಭೂಕಂಪ. ಸರ್ಜನ್ ಬದುಕಿದರು. ಹೆಂಡತಿ, ಮಗಳು ಹೋದರು. ಒಟ್ಟು ಸತ್ತವರು 309 ಜನ.

ಸರ್ಕಾರಿ ವಕೀಲ ಫಾಬಿಯೊ ಪಿಕೂಟಿ ಮೊದಲಿನಿಂದಲೂ ಒಂದೇ ಮಾತು ಹೇಳಿದರು. ಮುನ್ಸೂಚನೆ ಕೊಡಲಿಲ್ಲ ಅಂತ ನನ್ನ ತಕರಾರಿಲ್ಲ. ಅಪಾಯವನ್ನು ನೆಟ್ಟಗೆ ಅಳೆಯಲಿಲ್ಲ, ಜನರಿಗೆ ಸುಳ್ಳು ಸಮಾಧಾನ ಹೋಯಿತು, ಅದಕ್ಕೆ ಕೇಸು. 2012ರ ಅಕ್ಟೋಬರ್ 22ರಂದು ಡಿ ಬರ್ನಾರ್ಡಿನಿಸ್, ಸಭೆಯಲ್ಲಿದ್ದ ಆರು ತಜ್ಞರು ಸೇರಿ ಏಳೂ ಜನರಿಗೆ ತಲಾ 6 ವರ್ಷ ಶಿಕ್ಷೆಯಾಯಿತು. ವಕೀಲರು ಕೇಳಿದ್ದು 4 ವರ್ಷ! ನ್ಯಾಯಾಧೀಶ ಮಾರ್ಕೊ ಬಿಲ್ಲಿ 309 ಸಾವನ್ನೂ ಅವರ ತಲೆಗೆ ಕಟ್ಟಲಿಲ್ಲ. ಆ ಮಾತು ಕೇಳಿಯೇ ಒಳಗೆ ಉಳಿದರು ಅಂತ ಸಾಕ್ಷಿಯಿಂದ ಗೊತ್ತಾದ 29 ಜನರ ಸಾವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. 2014ರ ನವೆಂಬರಿನಲ್ಲಿ ಮೇಲಿನ ಕೋರ್ಟು ಆರು ಜನರನ್ನು ಬಿಟ್ಟಿತು. ಡಿ ಬರ್ನಾರ್ಡಿನಿಸ್ ಅವರದ್ದು 2 ವರ್ಷಕ್ಕೆ ಇಳಿಯಿತು, ಅದೂ ಅಮಾನತಿನಲ್ಲಿಟ್ಟ ಶಿಕ್ಷೆ. 2015ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ವಿಜ್ಞಾನಿಗಳಿಗೆ 6 ವರ್ಷ ಕೊಟ್ಟದ್ದು ತಪ್ಪು ಅಂತ ಈಗಲೂ ಹೇಳುತ್ತೇನೆ. ಆದರೆ ಮೂರ್ಖತನ ಅನ್ನಲಾರೆ. ನಮ್ಮ ಹೆಸರು ಹೇಳಿ ಯಾರೋ ಸುಳ್ಳು ಧೈರ್ಯ ಮಾರುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಅಪರಾಧ ಅಲ್ಲದಿದ್ದರೂ ತಪ್ಪು. ದೊಡ್ಡ ತಪ್ಪು.

ಪ್ರಶ್ನೆ: ಸಣ್ಣ ಸಣ್ಣ ಕಂಪನ ಆದರೆ ಒಳ್ಳೆಯದಲ್ಲವೇ ಮೇಡಂ? ಕುಕ್ಕರ್ ಸೀಟಿ ಹೊಡೆದ ಹಾಗೆ ಒಳಗಿನ ಒತ್ತಡ ಹೊರಗೆ ಹೋಗುತ್ತದೆ. ನಮ್ಮ ಯಜಮಾನರು ಹೀಗೇ ಹೇಳುತ್ತಾರೆ.
– ಗೃಹಿಣಿ, ದಾವಣಗೆರೆ

ನಿಮ್ಮ ಯಜಮಾನರೂ ಡಿ ಬರ್ನಾರ್ಡಿನಿಸ್ ಅವರೂ ಒಂದೇ ಶಾಲೆಯಲ್ಲಿ ಓದಿರಬೇಕು! ಅವರು ಟಿವಿಯಲ್ಲಿ ಹೇಳಿದ್ದೂ ಇದನ್ನೇ. ಕೇಳುವುದಕ್ಕೆ ಹಿತವಾಗಿದೆ, ಅದಕ್ಕೇ ಜನ ನಂಬುತ್ತಾರೆ.

ಲೆಕ್ಕ ಹಾಕಿ. ಭೂಕಂಪದ ಅಳತೆ 1 ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕಕ್ಕೆ 1,000 ಪಟ್ಟು. ಮೂರು ಅಂಕಕ್ಕೆ 32,000 ಪಟ್ಟು ಹತ್ತಿರ. ಅಂದರೆ 6.3ರ ಒಂದು ಭೂಕಂಪವನ್ನು 3.3ರ ಕಂಪನಗಳಲ್ಲಿ ಚಿಲ್ಲರೆ ಮಾಡಿಸಬೇಕಾದರೆ ಅಂಥವು 32,000 ಬೇಕು. ದಿನಕ್ಕೆ ಹತ್ತು ಬಂದರೂ ಎಂಟು ಒಂಬತ್ತು ವರ್ಷ ನೆಲ ಅಲುಗುತ್ತಲೇ ಇರಬೇಕು. ಎಲ್ಲಿ ಸಾಧ್ಯ?

ಇನ್ನೊಂದು. ಕುಕ್ಕರಿಗೆ ಎಷ್ಟು ನೀರು ಹಾಕಿದ್ದೀರಿ, ಉರಿ ಎಷ್ಟಿದೆ, ಗ್ಯಾಸ್ಕೆಟ್ ಹಳೆಯದಾಗಿದೆಯಾ, ಎಲ್ಲಾ ನಿಮಗೆ ಗೊತ್ತು. ಹತ್ತು ಕಿಲೋಮೀಟರ್ ಆಳದ ಬಂಡೆಯಲ್ಲಿ ಎಷ್ಟು ಬಿಗಿ ಕೂತಿದೆ, ಅದು ಎಷ್ಟು ತಡೆದುಕೊಳ್ಳುತ್ತದೆ, ಇವೆರಡೂ ನಮಗೆ ಗೊತ್ತಿಲ್ಲ. ಸೀಟಿ ಕೇಳಿಸುತ್ತದೆ ಅಷ್ಟೇ. ಅದು ಅನ್ನ ಆಗಿದ್ದಕ್ಕೋ, ಮುಚ್ಚಳ ಹಾರುವುದಕ್ಕೋ ಹೇಳಲು ಬರುವುದಿಲ್ಲ. ಇಂಥ ಸರಣಿ ಕಂಪನಗಳು ಹೆಚ್ಚಿನ ಸಲ ತಾವಾಗಿಯೇ ನಿಂತುಹೋಗುತ್ತವೆ. ದೊಡ್ಡದು ಬರುವ ಸಾಧ್ಯತೆ ಮಾಮೂಲಿ ದಿನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಆದರೂ ಅದು ನೂರಕ್ಕೆ ಒಂದೆರಡರ ಮಾತು. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ನಿಜ. ಒಂದನ್ನು ಬಿಟ್ಟರೆ ಹೆದರಿಸಿದಂತೆ, ಇನ್ನೊಂದನ್ನು ಬಿಟ್ಟರೆ ಮಲಗಿಸಿದಂತೆ.

ಯಜಮಾನರಿಗೆ ಓದಿ ಹೇಳಿ. ಜಗಳ ಬೇಡ.

ಪ್ರಶ್ನೆ: ಅದೇ ಊರಿನಲ್ಲಿ ರೇಡಾನ್ ಅನಿಲ ಅಳೆದು ಒಬ್ಬರು ಭೂಕಂಪವನ್ನು ಮೊದಲೇ ಹೇಳಿದ್ದರು, ಸರ್ಕಾರ ಅವರ ಬಾಯಿ ಮುಚ್ಚಿಸಿತು ಎಂದು ಓದಿದ್ದೇನೆ. ಅವರ ಬಗ್ಗೆ ನೀವು ಯಾಕೆ ಬರೆಯಲಿಲ್ಲ?
– ಎಂಜಿನಿಯರ್, ಮೈಸೂರು

ಬರೆಯುತ್ತೇನೆ. ಹೆಸರು ಜಾಂಪಾವೊಲೊ ಜೂಲಿಯಾನಿ. ಅಲ್ಲೇ ಹತ್ತಿರದ ಗ್ರಾನ್ ಸಾಸ್ಸೊ ಪ್ರಯೋಗಾಲಯದಲ್ಲಿ ತಂತ್ರಜ್ಞ. ತಾವೇ ಕಟ್ಟಿದ ಯಂತ್ರಗಳಲ್ಲಿ ರೇಡಾನ್ ಅಳೆಯುತ್ತಿದ್ದರು. ಬಂಡೆ ಬಿರುಕು ಬಿಟ್ಟಾಗ ರೇಡಾನ್ ಜಾಸ್ತಿ ಹೊರಬರುವುದುಂಟು. ಆದರೆ ಜಾಸ್ತಿ ಬಂದಾಗಲೆಲ್ಲ ಭೂಕಂಪ ಆಗುವುದಿಲ್ಲ, ಭೂಕಂಪ ಆದಾಗಲೆಲ್ಲ ರೇಡಾನ್ ಜಾಸ್ತಿ ಬಂದಿರುವುದೂ ಇಲ್ಲ.

ಅವರು ಕೊಟ್ಟ ಎಚ್ಚರಿಕೆ ಯಾವ ಊರಿಗೆ ಅಂತ ಜನ ಮರೆತುಬಿಡುತ್ತಾರೆ. ಅದು ಲಾಕ್ವಿಲಾಕ್ಕಲ್ಲ, ಸುಲ್ಮೊನಾಕ್ಕೆ. 50 ಕಿಲೋಮೀಟರಿಗೂ ಹೆಚ್ಚು ದೂರದ ಊರು. ಮಾರ್ಚ್ ಕೊನೆಯಲ್ಲಿ ಅಲ್ಲಿ ಧ್ವನಿವರ್ಧಕ ಕಟ್ಟಿದ ಗಾಡಿಗಳು ಓಡಾಡಿದವು, ಜನ ಬೀದಿಗೆ ಬಂದರು. ಭೂಕಂಪ ಬರಲಿಲ್ಲ. ಒಂದು ವೇಳೆ ಸುಲ್ಮೊನಾದ ಜನ ಗಂಟುಮೂಟೆ ಕಟ್ಟಿ ಹೊರಟಿದ್ದರೆ ಎಲ್ಲಿಗೆ ಹೋಗುತ್ತಿದ್ದರು? ಎಷ್ಟೋ ಜನ ಜಿಲ್ಲಾ ಕೇಂದ್ರಕ್ಕೆ, ಅಂದರೆ ಲಾಕ್ವಿಲಾಕ್ಕೇ.

ಸುಮ್ನೆ ಗಾಬರಿ ಹುಟ್ಟಿಸಿದರು ಅಂತ ಅವರ ಮೇಲೆ ದೂರು ದಾಖಲಾಯಿತು. ಆ ಸಭೆ ಅಷ್ಟು ಅವಸರದಲ್ಲಿ ಸೇರುವುದಕ್ಕೂ ಈ ಗಾಬರಿಯೇ ಕಾರಣ. ನಾಗರಿಕ ರಕ್ಷಣಾ ಇಲಾಖೆಯ ಮುಖ್ಯಸ್ಥ ಗ್ವಿಡೊ ಬೆರ್ಟೊಲಾಸೊ ಸಭೆಯ ಹಿಂದಿನ ದಿನ ಫೋನಿನಲ್ಲಿ ಆಡಿದ ಮಾತಿನ ಧ್ವನಿಮುದ್ರಿಕೆ 2012ರಲ್ಲಿ ಹೊರಬಂತು. ಇದು ಹೆಚ್ಚಾಗಿ ಮಾಧ್ಯಮಕ್ಕಾಗಿ ನಡೆಸುವ ಕಾರ್ಯಕ್ರಮ, ಜನರನ್ನು ಸಮಾಧಾನ ಮಾಡಬೇಕು ಅನ್ನುವುದು ಅದರ ಸಾರ. ಅವರ ಮೇಲೂ ಕೇಸು ನಡೆದು 2016ರಲ್ಲಿ ಖುಲಾಸೆ ಆಯಿತು. ಕಾನೂನು ಏನೇ ಹೇಳಲಿ, ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಕಸಿವಿಸಿ ಮಾಡಿದ್ದು ಆ ಫೋನ್ ಮಾತು. ಸಭೆ ಸೇರುವ ಮೊದಲೇ ಉತ್ತರ ತಯಾರಿತ್ತು. ವಿಜ್ಞಾನಿಗಳನ್ನು ಕರೆಸಿದ್ದು ಕೇಳುವುದಕ್ಕಲ್ಲ, ತೋರಿಸುವುದಕ್ಕೆ.

ಪ್ರಶ್ನೆ: ನಾಯಿ, ಕಾಗೆಗಳಿಗೆ ಭೂಕಂಪ ಮೊದಲೇ ಗೊತ್ತಾಗುತ್ತದಂತೆ. ಹಾಗಿದ್ದರೆ ಹೇಳದೇ ಹೋದದ್ದಕ್ಕೆ ಅವುಗಳ ಮೇಲೂ ಕೇಸು ಹಾಕಬಹುದೇ?
– ಪಿಯುಸಿ ವಿದ್ಯಾರ್ಥಿ, ಹಾಸನ

ಲಾಕ್ವಿಲಾದ ಕೇಸಿನಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದದ್ದು ಕಪ್ಪೆಗಳು. ಅಲ್ಲಿಂದ 74 ಕಿಲೋಮೀಟರ್ ದೂರದ ಸಾನ್ ರುಫ್ಫೀನೊ ಕೆರೆಯಲ್ಲಿ ಒಬ್ಬ ಸಂಶೋಧಕಿ ನೆಲಗಪ್ಪೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೊಟ್ಟೆ ಇಡುವ ಕಾಲ. ಭೂಕಂಪಕ್ಕೆ ಐದು ದಿನ ಮೊದಲು ಗಂಡು ಕಪ್ಪೆಗಳು ಹೆಚ್ಚುಕಡಿಮೆ ಎಲ್ಲವೂ ಕೆರೆ ಬಿಟ್ಟು ಹೋದವು. ಇದು ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೇ, ಗಾಳಿಮಾತಲ್ಲ.

ಆದರೆ ಕಪ್ಪೆಗಳು ಕೆರೆ ಬಿಟ್ಟ ದಿನ ಆಕೆಗೂ ಯಾಕೆ ಅಂತ ತಿಳಿಯಲಿಲ್ಲ. ಭೂಕಂಪ ಆದ ಮೇಲೆ ಅರ್ಥ ಹಚ್ಚಿದ್ದು. ನಮ್ಮ ಬೀದಿ ನಾಯಿಗಳು ದಿನಾ ರಾತ್ರಿ ಬೊಗಳುತ್ತವೆ. ಭೂಕಂಪ ಆದ ದಿನದ ಬೊಗಳುವಿಕೆ ಮಾತ್ರ ನಮಗೆ ನೆನಪಿರುತ್ತದೆ.

ಪ್ರಶ್ನೆ: ಇಂಥದ್ದು ನಮ್ಮ ದೇಶದಲ್ಲಿ ಆದರೆ ವಿಜ್ಞಾನಿಗಳನ್ನು, ಅಧಿಕಾರಿಗಳನ್ನು ಕೋರ್ಟಿಗೆ ಎಳೆಯಬಹುದೇ? ನಿಮ್ಮ ಅಭಿಪ್ರಾಯ ಬೇಕು.
– ವಕೀಲರು, ಹುಬ್ಬಳ್ಳಿ

ವಕೀಲರು ನನ್ನನ್ನು ಕೇಳುವುದಾ? ಇರಲಿ. ಓದಿಕೊಂಡಷ್ಟು ಹೇಳುತ್ತೇನೆ, ತಪ್ಪಿದ್ದರೆ ನೀವೇ ತಿದ್ದಿ.

ನಿರ್ಲಕ್ಷ್ಯದಿಂದ ಸಾವು ಅನ್ನುವ ಕಲಂ ನಮ್ಮಲ್ಲೂ ಇದೆ. ಹಳೆಯ ದಂಡ ಸಂಹಿತೆಯ 304ಎ, ಈಗಿನ ನ್ಯಾಯ ಸಂಹಿತೆಯ 106. ನನಗೆ ಸೋಜಿಗ ಅನ್ನಿಸಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರ 54ನೇ ಕಲಂ ಪ್ರಕಾರ ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರಲ್ಲಿ ಗಾಬರಿ ಹುಟ್ಟಿಸಿದರೆ 1 ವರ್ಷದವರೆಗೆ ಜೈಲು ಇಲ್ಲವೇ ದಂಡ. ಸುಳ್ಳು ಧೈರ್ಯ ಹೇಳಿದರೆ? ಅದಕ್ಕೆ ಅಂತ ಬೇರೆ ಕಲಂ ಇಲ್ಲ. ಅಧಿಕಾರಿಗಳು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ 73ನೇ ಕಲಂ ರಕ್ಷಣೆಯನ್ನೂ ಕೊಡುತ್ತದೆ. ‘ಎದ್ದು ಹೊರಗೆ ಹೋಗಿ’ ಅಂದವನಿಗೆ ಜೈಲಿನ ಭಯ, ‘ಮಲಗಿ’ ಅಂದವನಿಗೆ ಏನೂ ಇಲ್ಲ. ಹೀಗಿದ್ದರೆ ಅಧಿಕಾರಿ ಯಾವ ಕಡೆ ವಾಲುತ್ತಾನೆ, ನೀವೇ ಹೇಳಿ.

ಆದರೆ ವಿಜ್ಞಾನಿಗಳನ್ನು ಕಟಕಟೆಗೆ ಏರಿಸಿದರೆ ಇದು ಸರಿಹೋಗುತ್ತದಾ? ಇಲ್ಲ. ಲಾಕ್ವಿಲಾ ತೀರ್ಪು ಬಂದ ಮಾರನೇ ದಿನವೇ ಆ ಆಯೋಗದ ಆಗಿನ ಅಧ್ಯಕ್ಷ, ಭೌತವಿಜ್ಞಾನಿ ಲೂಚಾನೊ ಮಾಯಾನಿ ರಾಜೀನಾಮೆ ಕೊಟ್ಟರು. ಹೀಗೆ ಕೆಲಸ ಮಾಡಲು ಆಗದು ಅಂದರು. ಕೇಸಿನ ಭಯ ಇದ್ದರೆ ಎರಡೇ ದಾರಿ. ಒಂದು, ಬಾಯಿ ಬಿಡದೇ ಇರುವುದು. ಇನ್ನೊಂದು, ಎಲೆ ಅಲುಗಿದರೂ ‘ಅಪಾಯ’ ಅನ್ನುವುದು. ಎರಡನೆಯದನ್ನು ಮೂರು ಸಲ ಕೇಳಿದ ಜನ ನಾಲ್ಕನೇ ಸಲ ಏಳುವುದಿಲ್ಲ.

ಕೋರ್ಟಿಗೆ ಎಳೆಯಲೇಬೇಕಾದವರು ಬೇರೆ ಇದ್ದಾರೆ. ಲಾಕ್ವಿಲಾದಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ ಒಂದು ಕುಸಿದು 8 ಹುಡುಗ ಹುಡುಗಿಯರು ಸತ್ತರು. ಆ ಕಟ್ಟಡದ ಕೆಲಸಕ್ಕೆ ಸಂಬಂಧಪಟ್ಟ ನಾಲ್ವರಿಗೆ 2013ರಲ್ಲಿ ಶಿಕ್ಷೆಯಾಯಿತು. ವಿಜ್ಞಾನಿಗಳ ಕೇಸು ಲೋಕಕ್ಕೆಲ್ಲ ಗೊತ್ತು, ಈ ಕೇಸನ್ನು ನಮ್ಮ ಕಡೆ ಕೇಳಿದವರೇ ಕಡಿಮೆ. ಭೂಕಂಪ ಯಾವಾಗ ಅಂತ ಯಾರಿಗೂ ಗೊತ್ತಾಗದು. ಕಂಬದಲ್ಲಿ ಎಷ್ಟು ಕಬ್ಬಿಣ ಇದೆ ಅಂತ ಕಟ್ಟಿದವನಿಗೆ ಗೊತ್ತಿರುತ್ತದೆ.

ಪ್ರಶ್ನೆ: 2021ರಾಗ ನಮ್ಮ ಗಡಿಕೇಶ್ವರ ಕಡೆ ಭೂಮಿ ಗುಡುಗಿದ್ದು ನಿಮಗೂ ಗೊತ್ತದ. ಆಗ ನಿಮ್ಮಂಥಾ ಓದಿದವರು ಯಾರೂ ನೆಟ್ಟಗ ಒಂದು ಮಾತು ಹೇಳಲಿಲ್ಲ. ಕೇಳಿದ್ರ ‘ಹೇಳಾಕ ಬರಂಗಿಲ್ಲ’ ಅಂತೀರಿ. ಹಂಗಾದ್ರ ನೀವು ಯಾಕ ಬೇಕ್ರಿ?
– ಹೆಸರು ಬೇಡ, ಚಿಂಚೋಳಿ ತಾಲೂಕು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೈದದ್ದು ಸರಿಯಾಗೇ ಇದೆ.

ದೂರದ ಓದುಗರಿಗೆ ಒಂದು ಮಾತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತಮುತ್ತ ಮೇಲಿಂದ ಮೇಲೆ ನೆಲ ನಡುಗಿತು. ದೊಡ್ಡದು ಅಂದರೆ 4ರ ಆಸುಪಾಸು. ಕೆಳಗಿನಿಂದ ಗುಡುಗಿನಂಥ ಸದ್ದು ಬೇರೆ. ಜನ ಬಯಲಲ್ಲಿ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಬಂದು ನೋಡಿದರು. ದೊಡ್ಡ ಭೂಕಂಪ ಆಗಲಿಲ್ಲ.

ನಮ್ಮ ಸೀಮೆಯವರು ಅಷ್ಟು ಹೆದರಲು ಕಾರಣ ಕಿಲ್ಲಾರಿಯ ಭೂಕಂಪ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಊರು ಅದು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಜನ ಮಲಗಿದ ರಾತ್ರಿ. ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು. ಸಾವಿರಾರು ಜನ ಹೋದರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದವಳು. ಹುಡುಗರ ಜೊತೆ ಕಂಬಳಿ ಹೊತ್ತುಕೊಂಡು ಹೋಗಿದ್ದೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು. ಮೇಲೆ ಮಾಳಿಗೆ. ಸೋರಬಾರದು ಅಂತ ಪ್ರತಿ ಮಳೆಗಾಲಕ್ಕೆ ಮೊದಲು ಒಂದೊಂದು ಪದರ ಮಣ್ಣು ಹಾಕಿ ಹಾಕಿ ಮೊಣಕಾಲುದ್ದ ದಪ್ಪ ಆಗಿತ್ತು. ಅಷ್ಟೂ ಮಣ್ಣು ಮಲಗಿದವರ ಮೇಲೆ ಇಳಿದಿತ್ತು. ಒಂದು ಗೋಡೆ ಮಾತ್ರ ನಿಂತಿತ್ತು, ಅದರ ಮಾಡದಲ್ಲಿ ಕುಂಕುಮದ ಬಟ್ಟಲು ಅಲುಗದೆ ಕೂತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೇಳಿದಳು, ಹಿಂದಿನ ವರ್ಷವೂ ಸಣ್ಣ ಕಂಪನ ಬಂದಿದ್ದವು, ಆಗ ಹೊರಗೆ ಮಲಗಿದ್ದೆವು, ಆಮೇಲೆ ರೂಢಿಯಾಯಿತು, ಒಳಗೆ ಹೋದೆವು.

ಇದನ್ನೆಲ್ಲ ನೋಡಿದವಳು ನಾನು. ಆದರೂ 2021ರಲ್ಲಿ ಏನು ಮಾಡಿದೆ ಕೇಳಿ.

ಗಡಿಕೇಶ್ವರದ ಪಕ್ಕದ ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಒಂದು ಸಂಜೆ ಫೋನ್ ಮಾಡಿದ. ‘ಮೇಡಮ್ಮೋರೆ, ನಾಲ್ಕು ದಿನ ಹೊರಗ ಮಲಗಿ ಅವ್ವಗ ನೆಗಡಿ, ಜ್ವರ ಆಗ್ಯದ. ಒಳಗ ಮಲಗಸಲೇನ್ರಿ?’ ನಾನು ಒಲೆ ಮೇಲಿನ ಹಾಲು ನೋಡುತ್ತಾ ‘ಮಲಗಿಸಪ್ಪ, ಏನೂ ಆಗಲ್ಲ’ ಅಂದುಬಿಟ್ಟೆ. ಅವನು ‘ನೀವು ಹೇಳಿದ್ರ ಮುಗೀತ್ರಿ’ ಅಂದ. ಫೋನಿಟ್ಟ.

ಊಟ ಸೇರಲಿಲ್ಲ. ‘ಏನೂ ಆಗಲ್ಲ’ ಅಂತ ನನಗೆ ಗೊತ್ತಿದ್ದದ್ದಾದರೂ ಹೇಗೆ? ಗೊತ್ತಿರಲೇ ಇಲ್ಲ. ಹುಡುಗ ಗಾಬರಿಯಾಗಿದ್ದಾನೆ, ಸಮಾಧಾನ ಆಗಲಿ ಅಂತ ಬಂದ ಮಾತು. ಡಿ ಬರ್ನಾರ್ಡಿನಿಸ್ ಕೂಡ ಹೀಗೇ ಅಂದಿರಬಹುದು, ಪಾಪ. ರಾತ್ರಿ 11ಕ್ಕೆ ನಾನೇ ವಾಪಸ್ ಫೋನ್ ಮಾಡಿದೆ. ಅವನನ್ನು ಎಬ್ಬಿಸಿ ಕೇಳಿದೆ, ಗೋಡೆ ಯಾವುದು, ಮಾಳಿಗೆ ಯಾವುದು ಅಂತ. ಮನೆ ಅದೇ ಕಿಲ್ಲಾರಿಯ ಥರದ್ದು, ಕಲ್ಲು ಮಣ್ಣು. ‘ಭೂಕಂಪ ಬರುತ್ತೆ ಅಂತ ಹೇಳುತ್ತಿಲ್ಲ, ಬರಲ್ಲ ಅಂತ ಸಂಜೆ ಹೇಳಿದ್ದು ತಪ್ಪು. ಹಗುರವಾದ ಚಾವಣಿ ಇರೋ ಜಾಗ ಏನಾದ್ರೂ ಇದೆಯಾ?’ ಅಂದೆ. ‘ಅಂಗಡಿ ತಗಡಿಂದದ ರೀ’ ಅಂದ. ‘ಸರಿ, ಅವ್ವನನ್ನು ಅಲ್ಲೇ ಮಲಗಿಸು. ತಲೆ ಹತ್ತಿರದ ರ‍್ಯಾಕಿನಿಂದ ಎಣ್ಣೆ ಡಬ್ಬ ಇಳಿಸು.’

ಇಷ್ಟೇ ನಮ್ಮಿಂದ ಆಗೋದು. ಯಾವಾಗ ಅಂತ ಹೇಳಲು ಬಾರದು, ಯಾವ ಗೋಡೆ ಅಂತ ಹೇಳಬಹುದು. ಅದನ್ನೂ ಆ ವರ್ಷ ನಿಮ್ಮ ಊರಿಗೆ ಬಂದು, ಮನೆ ಮನೆ ನೋಡಿ ಹೇಳಬೇಕಿತ್ತು. ನಾನು ಬರಲಿಲ್ಲ. ಮೊಣಕಾಲು ನೋವು ಅಂತ ಮನೆಯಲ್ಲೇ ಕೂತೆ. ಅದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ.

ಆ ಅವ್ವ ಮೂರು ವಾರ ಬೆಲ್ಲದ ಪೆಂಟೆ, ಎಣ್ಣೆ ಡಬ್ಬಗಳ ನಡುವೆ ಮಲಗಿದಳು. ಏನೂ ಆಗಲಿಲ್ಲ. ಇವತ್ತಿಗೂ ಮಗ ಫೋನ್ ಮಾಡಿದರೆ ಕಸಿದುಕೊಂಡು ಕೇಳುತ್ತಾಳೆ, ‘ನನ್ನ ಇಲಿ ನಡುವ ಮಲಗಿಸಿದಾಕಿ ನೀನೇ ಅಲ್ಲೇನವ್ವ?’